ಸಂಪಾದಕರ ಉತ್ತರ: ಅಂಗಿಯ ಕಿಸೆಯಲ್ಲಿದ್ದ ಫೋನು

ಕುಮಟಾದ ಓದುಗರೊಬ್ಬರು ಗೋವೆಯ ದಾಬೋಲಿಂನಿಂದ ದೆಹಲಿಗೆ ವಿಮಾನದಲ್ಲಿ ಹೋಗಿಬಂದ ಅನುಭವವನ್ನು ನಾಲ್ಕು ಪುಟ ಬರೆದು ಕಳಿಸಿದ್ದಾರೆ. ಅದರ ಮುಖ್ಯ ಭಾಗ ಇಷ್ಟು. ವಿಮಾನ ಹೊರಡುವ ಮುನ್ನ ಎಲ್ಲರೂ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ, ಅಂದರೆ ಟವರಿನೊಡನೆ ಸಂಪರ್ಕ ಕಡಿದುಕೊಳ್ಳುವ ಸ್ಥಿತಿಗೆ, ಹಾಕಬೇಕೆಂದು ಗಗನಸಖಿ ಹೇಳಿದರಂತೆ. ಇವರು ಹಾಕಲಿಲ್ಲ, ಫೋನು ಇದ್ದ ಹಾಗೆಯೇ ಅಂಗಿಯ ಕಿಸೆಯಲ್ಲಿ ಕುಳಿತಿತ್ತು. ವಿಮಾನ ಏರಿತು, ಹಾರಿತು, ಇಳಿಯಿತು, ಏನೂ ಆಗಲಿಲ್ಲ. ಹಾಗಾಗಿ ಅವರು ಕೇಳುತ್ತಾರೆ: “ಇದು ವಿಮಾನದವರ ಮಡಿಯೇ ಹೊರತು ವಿಜ್ಞಾನವಲ್ಲ. ನನ್ನೊಂದು ಫೋನಿನಿಂದ ವಿಮಾನಕ್ಕೆ ಅಪಾಯ ಬರುವುದಾದರೆ ಅಂಥ ವಿಮಾನವನ್ನು ಹಾರಿಸುವುದಾದರೂ ಏಕೆ?” ಪತ್ರದ ಕೊನೆಗೆ, ದೆಹಲಿಯಲ್ಲಿ ಇಳಿದಾಗ ಫೋನಿನ ಬ್ಯಾಟರಿ ಪೂರ್ತಿ ಖಾಲಿಯಾಗಿ, ಕರೆದೊಯ್ಯಲು ಬಂದಿದ್ದ ಅಳಿಯನನ್ನು ಹುಡುಕಲು ಒಂದು ತಾಸು ಅಲೆದ ಸಂಗತಿಯೂ ಇದೆ.

ಮಾನ್ಯರೇ,

ನಿಮ್ಮ ಪತ್ರ ಓದಿ ಸಂತೋಷಪಟ್ಟೆ. ಕೇಳಿದ್ದನ್ನು ಕೇಳಿದ ಹಾಗೆ ನಂಬದೆ ಕಾರಣ ಹುಡುಕುವ ಓದುಗರು ಸಿಗುವುದು ಪತ್ರಿಕೆಯ ಭಾಗ್ಯ. ನಿಮ್ಮ ವಾದದಲ್ಲಿ ಸತ್ಯದ ಅಂಶವಿದೆ ಎಂಬುದನ್ನೂ ಮೊದಲೇ ಒಪ್ಪಿಕೊಳ್ಳುತ್ತೇನೆ. ಪ್ರಯಾಣಿಕರ ಕಿಸೆಯ ಫೋನಿನಿಂದಲೇ ದೊಡ್ಡ ವಿಮಾನವೊಂದು ಬಿತ್ತೆಂದು ಯಾವ ತನಿಖೆಯೂ ಸಾಬೀತುಪಡಿಸಿಲ್ಲ. ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆಯಂತೂ, ತನ್ನ ವಿಮಾನಗಳಿಗೆ ಬಾಧೆಯಿಲ್ಲವೆಂದು ಪರೀಕ್ಷಿಸಿ ತೋರಿಸಿದ ಕಂಪನಿಯು ಪ್ರಯಾಣಿಕರ ಫೋನುಗಳನ್ನು ಹಾಗೆಯೇ ಚಾಲೂ ಇಡಲು ಬಿಡಬಹುದೆಂದು 2014ರಲ್ಲೇ ಹೇಳಿತು. ನಿಮ್ಮ ಪಕ್ಷಕ್ಕೆ ಸಲ್ಲಬೇಕಾದದ್ದು ಸಂದಿತು. ಆದರೆ ಅಲ್ಲಿಯೂ ಬಿಡುವ ಅಧಿಕಾರ ಪರೀಕ್ಷೆ ಮಾಡಿದವರದ್ದೇ ಹೊರತು ಕಿಟಕಿಯ ಪಕ್ಕ ಕುಳಿತವರದ್ದಲ್ಲ ಎಂಬುದನ್ನು ಗಮನಿಸಿ.

ಈಗ ನಿಮ್ಮ ಪತ್ರದ ಕೊನೆಯ ಸಾಲುಗಳಿಗೆ ಬರುತ್ತೇನೆ, ಏಕೆಂದರೆ ಮೊದಲ ಪುಟದ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ. ಬೆಳಿಗ್ಗೆ ಮನೆಯಲ್ಲಿ ಪೂರ್ತಿ ಚಾರ್ಜ್ ಮಾಡಿದ ಫೋನು, ಯಾರೊಡನೆಯೂ ಮಾತಾಡದೆ, ಎರಡೂವರೆ ತಾಸು ಕಿಸೆಯಲ್ಲಿ ಸುಮ್ಮನೆ ಇದ್ದು ಖಾಲಿಯಾದದ್ದು ಹೇಗೆ? ಅದು ಸುಮ್ಮನೆ ಇರಲಿಲ್ಲ. ಮೊಬೈಲ್ ಟವರುಗಳು ತಮ್ಮ ಅಲೆಗಳನ್ನು ನೆಲದ ಕಡೆಗೆ ಬೀರುತ್ತವೆ, ಆಕಾಶಕ್ಕಲ್ಲ. ವಿಮಾನದ ಲೋಹದ ಮೈ ಆ ಅಲೆಗಳನ್ನು ಇನ್ನಷ್ಟು ತಡೆಯುತ್ತದೆ. ಅದರ ಮೇಲೆ ಗಂಟೆಗೆ ಎಂಟುನೂರು ಕಿಲೋಮೀಟರಿನ ಓಟ, ಒಂದು ಟವರಿನ ಪರಿಚಯ ಮುಗಿಯುವುದರೊಳಗೆ ಅದು ಹಿಂದೆ ಬಿದ್ದಿರುತ್ತದೆ. ಟವರು ಹತ್ತಿರವಿದ್ದಾಗ ಮೆಲುದನಿಯಲ್ಲಿ ಮಾತಾಡುವುದು, ದೂರವಾದಷ್ಟೂ ದನಿ ಏರಿಸುವುದು ಫೋನಿನ ಸ್ವಭಾವ. ಯಲ್ಲಾಪುರದ ಆಚೆ ಕಾಡೊಳಗಿನ ಮನೆಗಳಲ್ಲಿ, ಮಾತಾಡದಿದ್ದರೂ ಸಂಜೆಯೊಳಗೆ ಫೋನು ಬಿಸಿಯಾಗಿ ಬ್ಯಾಟರಿ ಇಳಿದುಹೋಗುವುದನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ನಿಮ್ಮ ಫೋನು ಗೋವೆಯಿಂದ ದೆಹಲಿಯವರೆಗೂ ಟವರನ್ನು ಹುಡುಕುತ್ತ, ಒಂದರ ಸುಳಿವು ಸಿಕ್ಕಾಗಲೆಲ್ಲ ತನ್ನ ಶಕ್ತಿಯಿದ್ದಷ್ಟೂ ಕೂಗುತ್ತ ಹೋಗಿದೆ. ಹಳೆಯ 2ಜಿ ಫೋನಾದರೆ ಆ ಕೂಗಿನ ಗರಿಷ್ಠ ಬಲ 2 ವ್ಯಾಟ್, ಇಂದಿನ 4ಜಿಯಲ್ಲಿ ಸುಮಾರು 0.2 ವ್ಯಾಟ್. ಚಿಕ್ಕ ಅಂಕಿಯೆಂದು ಕಾಣುತ್ತದೆ. ಆದರೆ ಪೈಲಟ್ ಕಿವಿಗೊಟ್ಟು ಹಿಡಿಯಬೇಕಾದ ರೇಡಿಯೋ ಸಂಕೇತಗಳು ಅವನನ್ನು ತಲುಪುವಾಗ ಅದಕ್ಕಿಂತ ಲಕ್ಷಾಂತರ ಪಟ್ಟು ಕ್ಷೀಣವಾಗಿರುತ್ತವೆ.

ಇಂಥ ಕೂಗು ಬೇರೊಂದು ಉಪಕರಣಕ್ಕೆ ಕೇಳಿಸುತ್ತದೆಯೇ ಎಂಬ ಅನುಮಾನ ನಿಮಗೆ ಬರಬಾರದು, ಏಕೆಂದರೆ ನಾವಿಬ್ಬರೂ ಅದನ್ನು ಕಿವಿಯಾರೆ ಕೇಳಿದ್ದೇವೆ. ಮೊಬೈಲು ನಮ್ಮ ಕಡೆ ಹೊಸದಾಗಿ ಬಂದ ದಿನಗಳಲ್ಲಿ ನಮ್ಮ ಮನೆಯ ರೇಡಿಯೋ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲಿರುತ್ತಿತ್ತು, ಫೋನನ್ನೂ ಅದರ ಪಕ್ಕದಲ್ಲೇ ಇಡುತ್ತಿದ್ದೆವು, ಮನೆಯಲ್ಲಿ ಸಿಗ್ನಲ್ ಸಿಗುವ ಜಾಗ ಅದೊಂದೇ ಆಗಿತ್ತು. ಬೆಳಗಿನ ಪ್ರದೇಶ ಸಮಾಚಾರದ ನಡುವೆ ರೇಡಿಯೋ ಇದ್ದಕ್ಕಿದ್ದಂತೆ “ಟಿಟ್ ಟಿಟಿಟ್ ಟಿಟಿಟ್ ಟರ್‌ರ್‌” ಎನ್ನುತ್ತಿತ್ತು, ಎರಡು ಕ್ಷಣ ಬಿಟ್ಟು ಫೋನು ರಿಂಗಾಗುತ್ತಿತ್ತು. ನನ್ನ ತಾಯಿ ಆ ಸದ್ದಿಗೇ ಒಲೆಯ ಮುಂದಿನಿಂದ ಎದ್ದು ಕೈ ಒರೆಸಿಕೊಳ್ಳುತ್ತಿದ್ದರು. ಅದಕ್ಕೆ ಕಾರಣವಿದೆ. 2ಜಿ ಫೋನು ತನ್ನ ಸಂಕೇತವನ್ನು ಒಂದೇ ಸಮನೆ ಹರಿಸುವುದಿಲ್ಲ, ಸೆಕೆಂಡಿಗೆ ಸುಮಾರು 217 ಸಲ ಬಿಟ್ಟು ಬಿಟ್ಟು ಮಿಡಿಯುತ್ತದೆ. ಆ ಮಿಡಿತ ಪಕ್ಕದ ರೇಡಿಯೋದ ತಂತಿಗಳೊಳಗೆ ಹೊಕ್ಕು ಸದ್ದಾಗಿ ಹೊರಬರುತ್ತದೆ. ಫೋನಿನ ತರಂಗಾಂತರವೇ ಬೇರೆ, ಆಕಾಶವಾಣಿಯದೇ ಬೇರೆ. ಆದರೂ ಸದ್ದು ಬಂತು. ಪೈಲಟ್‌ಗಳು ಹೆಡ್‌ಫೋನಿನಲ್ಲಿ ಕೇಳಿದೆವೆಂದು ಹೇಳುವುದು ಇದೇ ಸದ್ದನ್ನು. ನಿಲ್ದಾಣದ ನಿಯಂತ್ರಣ ಕೊಠಡಿಯವರು “ಇಷ್ಟು ಅಡಿಗೆ ಇಳಿಯಿರಿ” ಎಂದು ಸಂಖ್ಯೆ ಹೇಳುತ್ತಿರುವಾಗ ನಡುವೆ “ಟರ್‌ರ್‌” ಎಂದರೆ ಒಂದು ಅಂಕಿ ತಪ್ಪಿಹೋಗಲು ಎಷ್ಟು ಹೊತ್ತು ಬೇಕು?

ಮಳೆಗಾಲದಲ್ಲಿ ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿದವರು ಆ ಕೊನೆಯ ಹತ್ತು ನಿಮಿಷಗಳನ್ನು ಮರೆಯಲಾರರು. ಕಿಟಕಿಯಾಚೆ ಬಿಳಿ ಮೋಡವೊಂದನ್ನು ಬಿಟ್ಟು ಬೇರೇನೂ ಇಲ್ಲ, ರೆಕ್ಕೆಯ ತುದಿಯೂ ಕಾಣುವುದಿಲ್ಲ, ಮೋಡ ಹರಿದಾಗ ಗುಡ್ಡದ ತಲೆಯನ್ನು ಸಪಾಟು ಮಾಡಿ ಕಟ್ಟಿದ ರನ್‌ವೇ ಕಾಲಡಿಗೇ ಬಂದಿರುತ್ತದೆ. ಅಲ್ಲಿಯವರೆಗೆ ವಿಮಾನವನ್ನು ಎಡಬಲ ತಪ್ಪದಂತೆ ನಡೆಸಿಕೊಂಡು ಬಂದದ್ದು 108ರಿಂದ 112 ಮೆಗಾಹರ್ಟ್ಸ್ ನಡುವಿನ ಒಂದು ರೇಡಿಯೋ ಸಂಕೇತ, ಇಳಿಜಾರು ತಪ್ಪದಂತೆ ನೋಡಿಕೊಂಡದ್ದು 330 ಮೆಗಾಹರ್ಟ್ಸ್ ಆಸುಪಾಸಿನ ಇನ್ನೊಂದು. 2010ರ ಮೇ 22ರಂದು ಅಲ್ಲಿ 158 ಮಂದಿ ಸತ್ತ ದುರಂತಕ್ಕೂ ಫೋನಿಗೂ ಸಂಬಂಧವಿಲ್ಲ. ಸರಿಯಾದ ಎತ್ತರ ಮತ್ತು ವೇಗ ಒದಗದಿದ್ದರೂ ಇಳಿಯುವ ಪ್ರಯತ್ನವನ್ನು ಕೈಬಿಡದೆ ಹೋದದ್ದು ಅದಕ್ಕೆ ಕಾರಣ. ಅದನ್ನು ಇಲ್ಲಿ ನೆನೆದದ್ದು, ಆ ಗುಡ್ಡದ ಮೇಲೆ ತಪ್ಪಿಗೆ ಎಷ್ಟು ಕಡಿಮೆ ಜಾಗವಿದೆಯೆಂದು ನಮ್ಮ ಕರಾವಳಿ ಕಣ್ಣಾರೆ ಕಂಡಿದೆ ಎನ್ನುವುದಕ್ಕೆ.

ಫೋನಿನ ಮೇಲೇ ಅನುಮಾನ ಬಂದ ಪ್ರಸಂಗವೂ ಒಂದಿದೆ. 2003ರ ಜೂನ್ 6ರ ರಾತ್ರಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಹತ್ತಿರ ಹತ್ತು ಜನರಿದ್ದ ಚಿಕ್ಕ ಬಾಡಿಗೆ ವಿಮಾನವೊಂದು ಮಂಜಿನಲ್ಲಿ ಇಳಿಯುತ್ತಿದ್ದಾಗ ರನ್‌ವೇಗಿಂತ ಮೊದಲೇ ನೆಲಕ್ಕಪ್ಪಳಿಸಿತು, ಪೈಲಟ್ ಸೇರಿ ಎಂಟು ಮಂದಿ ಸತ್ತರು. ಪೈಲಟ್‌ನ ಸ್ವಂತ ಮೊಬೈಲಿನಲ್ಲಿ ಕರೆ ಜಾರಿಯಲ್ಲಿತ್ತು. ಇಳಿಜಾರು ತೋರಿಸುವ ಉಪಕರಣಕ್ಕೆ ಅದರಿಂದ ತಪ್ಪು ಸೂಚನೆ ಸಿಕ್ಕಿರಬಹುದು ಎಂದು ಅಲ್ಲಿನ ತನಿಖಾ ಆಯೋಗ ಬರೆಯಿತು. “ಇರಬಹುದು” ಎಂದಷ್ಟೇ ಬರೆದಿದೆ, ನಾನೂ ಅಷ್ಟೇ ಹೇಳುತ್ತೇನೆ. ಆದರೆ ನೂರಾರು ಪ್ರಾಣಗಳ ವಿಷಯದಲ್ಲಿ “ಇರಬಹುದು” ಎಂಬ ಮಾತು ಚಿಕ್ಕದಲ್ಲ.

ಈ ನಿಯಮದ ಒಂದು ಮೂಲ ವಿಮಾನದಲ್ಲಲ್ಲ, ನೆಲದ ಮೇಲಿದೆ ಎಂದರೆ ನಿಮಗೆ ಆಶ್ಚರ್ಯವಾದೀತು. ಅಮೆರಿಕದಲ್ಲಿ ಹಾರುವ ವಿಮಾನದಿಂದ ಮೊಬೈಲ್ ಬಳಕೆಯನ್ನು 1991ರಲ್ಲಿ ನಿಷೇಧಿಸಿದ್ದು ವಿಮಾನದ ಇಲಾಖೆಯಲ್ಲ, ದೂರಸಂಪರ್ಕದ ಆಯೋಗ. ನೆಲದ ಮೇಲಿನ ಫೋನು ಅಕ್ಕಪಕ್ಕದ ಒಂದೆರಡು ಟವರುಗಳಿಗೆ ಮಾತ್ರ ಕಾಣುತ್ತದೆ, ಮೇಲಿನ ಫೋನು ಏಕಕಾಲಕ್ಕೆ ಹತ್ತಾರು ಟವರುಗಳ ಬಾಗಿಲು ಬಡಿದು ಕೆಳಗಿನವರ ಮಾತಿಗೆ ಅಡ್ಡಿ ಮಾಡುತ್ತದೆ ಎಂಬುದು ಅವರ ಆತಂಕವಾಗಿತ್ತು. ನಮ್ಮ ದೇಶದಲ್ಲಿ 2014ರ ಏಪ್ರಿಲ್‌ವರೆಗೂ ಏರುವಾಗ ಮತ್ತು ಇಳಿಯುವಾಗ ಫೋನನ್ನು ಪೂರ್ತಿ ಬಂದ್ ಮಾಡಲೇಬೇಕಾಗಿತ್ತು. ಅಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ನಿಯಮ ಸಡಿಲಿಸಿ, ಏರ್‌ಪ್ಲೇನ್ ಮೋಡ್‌ನಲ್ಲಿದ್ದರೆ ಪ್ರಯಾಣದುದ್ದಕ್ಕೂ ಬಳಸಬಹುದೆಂದಿತು. 2020ರಲ್ಲಿ, ಸೌಲಭ್ಯವಿರುವ ವಿಮಾನಗಳಲ್ಲಿ ಪೈಲಟ್ ಒಪ್ಪಿದರೆ ವೈಫೈ ಬಳಕೆಗೂ ಅವಕಾಶವಾಯಿತು, ಆಗಲೂ ಫೋನು ಏರ್‌ಪ್ಲೇನ್ ಮೋಡ್‌ನಲ್ಲಿರಬೇಕು. ಹಾಗಾಗಿ “ವಿದೇಶದ ವಿಮಾನಗಳಲ್ಲಿ ಇಂಟರ್ನೆಟ್ಟೇ ಸಿಗುತ್ತದಲ್ಲ” ಎಂಬ ನಿಮ್ಮ ಆಕ್ಷೇಪ ನಿಲ್ಲುವುದಿಲ್ಲ. ಅಲ್ಲಿ ಫೋನು ಮಾತಾಡುವುದು ಹತ್ತಡಿ ದೂರದ ವೈಫೈ ಪೆಟ್ಟಿಗೆಯೊಡನೆ, ಮೆಲುದನಿಯಲ್ಲಿ. ಮುಂದೆ ಸಂದೇಶ ಒಯ್ಯುವ ಹೊಣೆ ಆ ವಿಮಾನದ ಸ್ವಂತ ಆಂಟೆನಾದ್ದು, ಅದನ್ನು ಪರೀಕ್ಷಿಸಿಯೇ ಕೂರಿಸಿರುತ್ತಾರೆ. ನಿಯಮ ಮಡಿಯಾಗಿದ್ದರೆ ಹೀಗೆ ಹೆಜ್ಜೆ ಹೆಜ್ಜೆಗೂ ಪರೀಕ್ಷೆ ಮಾಡಿ ಸಡಿಲವಾಗುತ್ತಿರಲಿಲ್ಲ.

ನಿಮ್ಮ ಇಡೀ ಪತ್ರದಲ್ಲಿ ನನ್ನನ್ನು ನೋಯಿಸಿದ್ದು “ನನ್ನೊಂದು ಫೋನಿನಿಂದ” ಎಂಬ ಮಾತು. ಆ ವಿಮಾನದಲ್ಲಿ ನೂರೆಂಬತ್ತು ಸೀಟುಗಳಿದ್ದವು ಎಂದು ನೀವೇ ಬರೆದಿದ್ದೀರಿ. ಒಬ್ಬನ ಬಳಿ ಹೊಸ ಫೋನು, ಇನ್ನೊಬ್ಬನ ಬಳಿ ನೆಲಕ್ಕೆ ಬಿದ್ದು ಗಾಜು ಒಡೆದು ಸಂತೆಯ ಅಂಗಡಿಯಲ್ಲಿ ರಿಪೇರಿಯಾದ ಫೋನು, ಮತ್ತೊಬ್ಬನ ಬಳಿ ಎರಡು. ಅವುಗಳಲ್ಲಿ ಯಾವುದು ಕೆಟ್ಟು ಬೇಡದ ತರಂಗವನ್ನೂ ಉಗುಳುತ್ತಿದೆಯೆಂದು ಯಾರು ನೋಡಿ ಹೇಳಬೇಕು? ಎಲ್ಲರೂ ನಿಮ್ಮಂತೆಯೇ ಯೋಚಿಸಿದ್ದರೆ ಅಲ್ಲಿದ್ದದ್ದು ಒಂದು ಫೋನಲ್ಲ.

ನಮ್ಮ ಶಿರಸಿ ಸೀಮೆಯ ತೋಟಿಗರಿಗೆ ಈ ಲೆಕ್ಕ ಹೊಸದಲ್ಲ. ಮಳೆ ಹಿಡಿಯುವ ಮುನ್ನ ಮರ ಹತ್ತುವ ಕೊನೆಗೌಡನನ್ನು ಕರೆಸಿ ಅಡಿಕೆ ಕೊನೆಗಳಿಗೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ಮದ್ದು ಹೊಡೆಸುತ್ತೇವೆ. ಬಯಲಿನ ಎಲ್ಲ ತೋಟಗಳಿಗೂ ಮದ್ದು ಬಿದ್ದಿರುವಾಗ ನಡುವಿನ ಒಬ್ಬ ಹೊಡೆಸದೆ ಬಿಟ್ಟರೂ ಆ ವರ್ಷ ಅವನ ತೋಟಕ್ಕೆ ಕೊಳೆರೋಗ ಬಾರದೆ ಇರಬಹುದು. ಅವನು ಅದನ್ನೇ ದೊಡ್ಡದಾಗಿ ಹೇಳಿಕೊಂಡು ತಿರುಗುತ್ತಾನೆ. ಅವನನ್ನು ಕಾಪಾಡಿದ್ದು ಅಕ್ಕಪಕ್ಕದವರು ಖರ್ಚು ಮಾಡಿದ ಮೈಲುತುತ್ತ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡದಲ್ಲಿ ನಿಲ್ಲುವುದೂ ಇದೇ ಲೆಕ್ಕದಿಂದ. ಒಂದು ಬಲೆಯಿಂದ ಸಮುದ್ರ ಬರಿದಾಗುವುದಿಲ್ಲವೆಂದು ಪ್ರತಿ ದೋಣಿಯವನೂ ಹೊರಟರೆ ಮೀನಿನ ಮರಿ ಎಲ್ಲಿ ಉಳಿದೀತು? ನಿಮ್ಮ ವಿಮಾನದಲ್ಲಿ ಏನೂ ಆಗದಿದ್ದದ್ದಕ್ಕೆ ನಿಮ್ಮ ಧೈರ್ಯ ಕಾರಣವಲ್ಲ, ಹೇಳಿದ ಮಾತು ಕೇಳಿ ಬಟನ್ ಒತ್ತಿದ ಉಳಿದವರು ಕಾರಣ ಎಂದು ನಾನು ತಿಳಿಯುತ್ತೇನೆ.

ಇಷ್ಟು ಹೇಳಿದ ಮೇಲೆ ಹೇಳುವವರ ಕಡೆಯ ತಪ್ಪನ್ನೂ ಹೇಳದಿದ್ದರೆ ನಿಮಗೆ ಅನ್ಯಾಯವಾಗುತ್ತದೆ. ಎರಡು ವರ್ಷದ ಹಿಂದೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟಿದ್ದೆ. ಪಕ್ಕದ ಸೀಟಿನಲ್ಲಿ ಸಿದ್ದಾಪುರದ ಕಡೆಯ ಒಬ್ಬ ಅಜ್ಜಿ, ಮಗನ ಮನೆಗೆ ಮೊದಲ ಸಲ ವಿಮಾನದಲ್ಲಿ ಹೊರಟವರು. ಮನಸ್ಸಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿಯನ್ನು ನಿಲ್ದಾಣದಲ್ಲಿ ಬಿಟ್ಟುಬರಬೇಕಾದ ಸಂಕಟ, ಕೈಯಲ್ಲಿ ಗುಂಡಿ ಒತ್ತುವ ಚಿಕ್ಕ ಫೋನು. ಘೋಷಣೆ ಇಂಗ್ಲಿಷಿನಲ್ಲಿ ಆಯಿತು, ಹಿಂದಿಯಲ್ಲಿ ಆಯಿತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹಾರುವ ವಿಮಾನದಲ್ಲಿ ಕನ್ನಡದ ಒಂದು ಮಾತೂ ಬರಲಿಲ್ಲ. ಸಿಬ್ಬಂದಿಯ ಹುಡುಗಿ ಬಂದು ಫೋನಿನತ್ತ ಬೆರಳು ತೋರಿಸಿ ಏನೋ ಹೇಳಿದಾಗ ಅಜ್ಜಿ ಗಾಬರಿಯಾಗಿ, ಕಸಿದುಕೊಳ್ಳಲು ಬಂದರೋ ಏನೋ ಎಂಬಂತೆ ಅದನ್ನು ಸೆರಗಿನೊಳಗೆ ಸೇರಿಸಿಕೊಂಡರು. ನನ್ನ ಕಡೆ ತಿರುಗಿ, “ಅದು ಎಂತ ಹೇಳ್ತು ತಮಾ?” ಎಂದರು. ಪೈಲಟ್‌ಗೆ ಕಿವಿಯಲ್ಲಿ ಸದ್ದಾಗುತ್ತದೆ, ರೇಡಿಯೋದ ಹತ್ತಿರ ಫೋನಿಟ್ಟರೆ ಆಗುವ ಹಾಗೆ, ಅದಕ್ಕೇ ಇಳಿಯುವವರೆಗೆ ಬಂದ್ ಮಾಡಿ ಎನ್ನುತ್ತಿದ್ದಾರೆ ಎಂದೆ. “ಅಷ್ಟೇಯಾ? ಮೊದ್ಲೇ ಹೇಳಿದ್ರೆ ಬಂದ್ ಮಾಡ್ತಿದ್ನಲಾ” ಎಂದು ಅವರೇ ಗುಂಡಿ ಒತ್ತಿ ಹಿಡಿದು, ಬೆಳಕು ಆರಿತೆಂದು ನನಗೂ ತೋರಿಸಿದರು.

ನನ್ನ ಬಹುಕಾಲದ ನೋವು ಇದೇ. ಕಾರಣವನ್ನು ಜನರ ಭಾಷೆಯಲ್ಲಿ ಎರಡು ಮಾತಿನಲ್ಲಿ ಹೇಳಿದರೆ ಒಪ್ಪುವವರಿಗೆ, ನಾವು ಬರಿಯ ಆಜ್ಞೆಯನ್ನು ಪರಭಾಷೆಯಲ್ಲಿ ಕೊಡುತ್ತೇವೆ, ಬಳಿಕ ಜನ ಶಿಸ್ತುಗೆಟ್ಟವರೆಂದು ಬಯ್ಯುತ್ತೇವೆ. ಬ್ಯಾಂಕಿನ ಫಾರ್ಮು, ಆಸ್ಪತ್ರೆಯ ಚೀಟಿ, ಅರಣ್ಯದ ನೋಟಿಸು, ಎಲ್ಲ ಕಡೆಯೂ ಇದೇ ಕಥೆ. ನಮ್ಮ ಜಿಲ್ಲೆಯಲ್ಲಿ ನಾಗರಿಕ ವಿಮಾನ ನಿಲ್ದಾಣವಿಲ್ಲ, ಅಂಕೋಲೆಯ ಅಲಗೇರಿಯಲ್ಲಿ ಒಂದು ಕಟ್ಟುವ ಮಾತು ವರ್ಷಗಳಿಂದ ಕೇಳುತ್ತಲೇ ಇದೆ. ಕಾರವಾರದವರು ಗೋವೆಗೆ, ಶಿರಸಿಯವರು ಹುಬ್ಬಳ್ಳಿಗೆ, ಭಟ್ಕಳದವರು ಮಂಗಳೂರಿಗೆ ಹೋಗಿ ವಿಮಾನ ಹತ್ತಬೇಕು. ವಿಮಾನ ಅಪರೂಪವಾದ ಜನರಿಗೆ ಈ ವಿವರ ಎಲ್ಲರಿಗಿಂತ ಹೆಚ್ಚು ಬೇಕು. ಕರ್ನಾಟಕದಿಂದ ಹೊರಡುವ ಪ್ರತಿ ವಿಮಾನದಲ್ಲೂ ಸುರಕ್ಷತೆಯ ಮಾತು ಕನ್ನಡದಲ್ಲಿ, ಕಾರಣಸಹಿತ ಬರಬೇಕೆಂದು ಈ ಅಂಕಣದಲ್ಲಿ ಮೊದಲೂ ಬರೆದಿದ್ದೇನೆ, ಆಗುವವರೆಗೂ ಬರೆಯುತ್ತೇನೆ. ಆದರೆ ನಿಮಗೆ ಇಂಗ್ಲಿಷೂ ತಿಳಿದಿತ್ತು, ಹಿಂದಿಯೂ ತಿಳಿದಿತ್ತು. ಆ ಅಜ್ಜಿಗಿದ್ದ ಅಡ್ಡಿ ನಿಮಗಿರಲಿಲ್ಲ.

ಬರುವ ಡಿಸೆಂಬರಿನಲ್ಲಿ ಮುಂಬೈಯಿಂದ ಮಂಗಳೂರಿಗೆ ಹೋಗಲಿಕ್ಕಿದೆ ಎಂದು ಬರೆದಿದ್ದೀರಿ. ಕಿಟಕಿಯ ಸೀಟು ಕೇಳಿ ಪಡೆಯಿರಿ. ಹಿಂದಿನ ದಿನವೇ ನಮ್ಮ ಕರಾವಳಿಯ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡಿರಿ. ವಿಮಾನ ಹತ್ತಿದೊಡನೆ ಏರ್‌ಪ್ಲೇನ್ ಮೋಡ್ ಹಾಕಿ, ಫೋನನ್ನು ಕಿಟಕಿಯ ಗಾಜಿನ ಹತ್ತಿರ ಹಿಡಿಯಿರಿ. ಜಿಪಿಎಸ್ ಉಪಗ್ರಹದ ಮಾತು ಕೇಳಿಸಿಕೊಳ್ಳುತ್ತದೆ ಹೊರತು ತಾನೇನೂ ಕೂಗುವುದಿಲ್ಲ, ಆದ್ದರಿಂದ ಸಾಮಾನ್ಯವಾಗಿ ಈ ಮೋಡ್‌ನಲ್ಲೂ ಅದು ಕೆಲಸ ಮಾಡುತ್ತದೆ. ಮೋಡವಿಲ್ಲದ ದಿನವಾದರೆ ಕಾಳಿಯ ಅಳಿವೆ, ಅಂಜದೀವ, ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಜಾಗ, ಮುರ್ಡೇಶ್ವರದಾಚೆ ನೇತ್ರಾಣಿ, ಒಂದೊಂದನ್ನೂ ನಕ್ಷೆಯಲ್ಲಿ ಬೆರಳಿಟ್ಟು ನೋಡಬಹುದು. ನಿಮ್ಮ ಕುಮಟಾದ ಮೇಲೆ ಹಾಯುವಾಗ ಅಘನಾಶಿನಿಯ ಗಜನಿ ಗದ್ದೆಗಳು ಹೇಗೆ ಕಂಡವೆಂದು ಬರೆದು ಕಳಿಸಿರಿ, ಜನವರಿಯ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಇಳಿದಾಗ ಬ್ಯಾಟರಿ ಎಷ್ಟು ಉಳಿದಿತ್ತೆಂಬುದನ್ನೂ ಬರೆಯಿರಿ.

— ಸಂಪಾದಕ