ಹಿಂದೂಸ್ತಾನಿ ಕೇಳಲಿಕ್ಕೆ ಎಚ್‌ಡಿ 560ಎಸ್ ಬಿಟ್ಟು ಎಚ್‌ಡಿ 800ಎಸ್ ತಗೋಬೇಕೇ?

ನಿಮ್ಮ ಪ್ರಶ್ನೆ ಇಷ್ಟು: ಧಾರವಾಡದಲ್ಲಿ ಮನೆ, ಸೆನ್‌ಹೈಸರ್ ಎಚ್‌ಡಿ 560ಎಸ್ ಹೆಡ್‌ಫೋನ್ ಇದೆ, ಫೋನಿಗೆ ಯುಎಸ್‌ಬಿ-ಸಿ ಡಾಂಗಲ್ (ಹೆಡ್‌ಫೋನನ್ನು ಫೋನಿಗೆ ಸಿಕ್ಕಿಸುವ ಪುಟ್ಟ ಕೊಂಡಿ). ಕೇಳುವುದು ಹೆಚ್ಚಾಗಿ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ತಂಬೂರಿ ಇನ್ನೂ ಬಿಡಿಸಿ ಕೇಳಲಿ ಅಂತ ಲಕ್ಷ ದಾಟುವ ಎಚ್‌ಡಿ 800ಎಸ್ ಮೇಲೆ ಕಣ್ಣಿದೆ. ಜೊತೆಗೆ ಇತ್ತೀಚೆಗೆ ಡಗ್ಗಾ (ತಬಲಾ ಜೋಡಿಯ ದೊಡ್ಡ, ತಗ್ಗು ದನಿಯದು) ಬಿದ್ದಾಗಲೆಲ್ಲ ಎಡಗಡೆ 'ಜರ್' ಅನ್ನುತ್ತದೆ, ಇದು ಕೆಟ್ಟಿತೇ ಅಂತ ಕೇಳಿದ್ದೀರಿ.

ಈಗಲೇ ಬೇಡ. ಮೊದಲು ಆ ಜರ್ ಸದ್ದು ನೋಡೋಣ, ಯಾಕೆಂದರೆ ಅದಕ್ಕಾಗಿಯೇ ಎಷ್ಟೋ ಜನ ಸರಿಯಾಗಿದ್ದ ಹೆಡ್‌ಫೋನ್ ಬಿಸಾಕುತ್ತಾರೆ.

ಒಂದೇ ಕಿವಿಯಲ್ಲಿ, ತಗ್ಗು ಸ್ವರಕ್ಕೆ ಮಾತ್ರ ಜರ್ ಅಂದರೆ ಹೆಚ್ಚಿನ ಸಲ ಕಾರಣ ಒಂದು ತಲೆಗೂದಲು. ಅದು ಒಳಗಿನ ತೆಳು ಸ್ಪಂಜು ದಾಟಿ ಹೋಗಿ ತುದಿ ಡ್ರೈವರಿನ, ಅಂದರೆ ಸದ್ದು ಹೊರಡಿಸುವ ಭಾಗದ, ಪೊರೆಗೆ ತಾಗುತ್ತದೆ. ತಗ್ಗು ಸ್ವರಕ್ಕೆ ಪೊರೆ ಹೆಚ್ಚು ಹಿಂದೆಮುಂದೆ ಆಡುವುದರಿಂದ ಆಗಲೇ ಕೂದಲು ಬಡಿಯುವುದು. ಮೊದಲು ಅದೇ ತುಣುಕನ್ನು ಲ್ಯಾಪ್‌ಟಾಪಿಗೆ ಹಾಕಿ ಕೇಳ್ರಿ. ಅಲ್ಲಿಯೂ ಎಡಗಡೆಯೇ ಜರ್ ಅಂದರೆ ಡಾಂಗಲ್ಲಿನ ತಪ್ಪಲ್ಲ. ಆಮೇಲೆ ಕುಶನ್ನಿನ ಅಂಚು ಹಿಡಿದು ಮೆಲ್ಲಗೆ ಎಳೆದು ತೆಗೀರಿ, ಸ್ಪಂಜು ಎತ್ತಿಡ್ರಿ, ಟಾರ್ಚನ್ನು ಓರೆಯಾಗಿ ಹಿಡೀರಿ. ಕೂದಲಿದ್ದರೆ ಎಳೆ ಮಿಂಚುತ್ತದೆ. ಕಬ್ಬಿಣದ ಚಿಮಟ ಮಾತ್ರ ಹತ್ತಿರ ತರಬ್ಯಾಡ್ರಿ: ಡ್ರೈವರಿನ ಆಯಸ್ಕಾಂತ ಅದನ್ನು ಸೆಳೆದುಕೊಂಡರೆ ಪೊರೆ ತೂತು ಬೀಳುತ್ತದೆ. ಉರಿದು ಮುಗಿದ ಊದಿನಕಡ್ಡಿಯ ತುದಿಗೆ ಸೆಲೋಟೇಪ್ ಅಂಟು ಹೊರಗೆ ಬರುವಂತೆ ಸುತ್ತಿ, ಕೂದಲಿಗಷ್ಟೇ ತಾಗಿಸಿ ಎತ್ತ್ರಿ. ಬಾಯಿಂದ ಜೋರಾಗಿ ಊದುವುದು, ವ್ಯಾಕ್ಯೂಮ್ ಹಿಡಿಯುವುದು ಎರಡೂ ಬೇಡ. ಕೊನೆಗೆ 20ರಿಂದ 200 ಹರ್ಟ್ಸ್ ಸೈನ್ ಸ್ವೀಪ್ (ತಗ್ಗಿನಿಂದ ಮೇಲಕ್ಕೆ ಜಾರುತ್ತ ಹೋಗುವ ಒಂದೇ ಸ್ವರ) ಸಣ್ಣ ದನಿಯಲ್ಲಿ ಓಡಿಸ್ರಿ. ಅದೇ ಜಾಗದಲ್ಲಿ ಮತ್ತೆ ಜರ್ ಅಂದರೆ ಮಾತ್ರ ಡ್ರೈವರ್ ಹೋಗಿದೆ.

ಕುಶನ್ ತೆಗೆದಾಗ ಅದರ ದಪ್ಪವನ್ನೂ ನೋಡ್ರಿ. ಅಮುಕಿ ಚಪ್ಪಟೆಯಾಗಿದ್ದರೆ ಕಿವಿ ಡ್ರೈವರಿಗೆ ಹತ್ತಿರವಾಗಿ ಧ್ವನಿಯ ಹದವೇ ಬದಲಾಗುತ್ತದೆ. ಹೊಸ ಜೋಡಿ ಕುಶನ್ ಹಾಕಿದರೆ ಅರ್ಧ ಹೊಸ ಹೆಡ್‌ಫೋನ್ ತಂದ ಹಾಗೆ.

ಇನ್ನು ಲಕ್ಷದ ಮಾತು. 800ಎಸ್‌ನ ದೊಡ್ಡ ಗುಣ ವಿಸ್ತಾರ: ಧ್ವನಿ ತಲೆಯಿಂದ ಹೊರಗೆ, ಅಗಲವಾಗಿ ಹರಡಿಕೊಳ್ಳುತ್ತದೆ. ಆದರೆ ಆ ಅಗಲ ಬರುವುದು ಎಡ-ಬಲ ಚಾನೆಲ್‌ಗಳ ವ್ಯತ್ಯಾಸದಿಂದ. ಮನ್ಸೂರರ, ಗಂಗೂಬಾಯಿಯವರ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳು, ಹಳೆಯ ಆಕಾಶವಾಣಿ ಧ್ವನಿಮುದ್ರಣಗಳು ಮಾನೋ. ಎರಡೂ ಕಿವಿಗೆ ಒಂದೇ ಸಂಕೇತ. ಯಾವ ಹೆಡ್‌ಫೋನ್ ಹಾಕಿದರೂ ಗಾಯಕರು ನಟ್ಟನಡುವೆಯೇ ಕೂತಿರುತ್ತಾರೆ. 78ರ ತಟ್ಟೆಗಳಲ್ಲಿ 8,000 ಹರ್ಟ್ಸ್ ದಾಟಿದ ಮೇಲೆ ಸಂಗೀತಕ್ಕಿಂತ ಮುಳ್ಳಿನ ಸರಸರ ಸದ್ದೇ ಹೆಚ್ಚು. ಮೀಡಿಯಂ ವೇವ್ ರೇಡಿಯೋದಿಂದ ಕ್ಯಾಸೆಟ್ಟಿಗೆ ಇಳಿಸಿದ್ದಾದರೆ 5,000 ಹರ್ಟ್ಸ್ ಆಚೆ ಹೆಚ್ಚೇನೂ ಉಳಿದಿರುವುದಿಲ್ಲ. ಇಲ್ಲದ್ದನ್ನು ಯಾವ ಹೆಡ್‌ಫೋನೂ ತರುವುದಿಲ್ಲ. ಮೇಲ್‌ಸ್ಥಾಯಿ ಚುರುಕಾಗಿರುವ ಹೆಡ್‌ಫೋನ್ ಆ ಸರಸರವನ್ನೇ ಎತ್ತಿ ಕೊಡುತ್ತದೆ. 800ಎಸ್ ಚುರುಕಿನದೇ. ಮೂಲ ಎಚ್‌ಡಿ 800ರಲ್ಲಿ 6,000 ಹರ್ಟ್ಸ್ ಸುತ್ತ ಇದ್ದ ಏರನ್ನು ಇಳಿಸಲೆಂದೇ 2016ರ ಈ ಮಾದರಿಗೆ ಒಳಗೆ ಅದನ್ನು ಹೀರಿಕೊಳ್ಳುವ ಅಬ್ಸಾರ್ಬರ್ ಕೂಡಿಸಿದ್ದು.

ತಂಬೂರಿಯನ್ನೇ ಹಿಡಿಯೋಣ. ಗಂಡು ದನಿಗೆ ಕರಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಕೂಡಿಸಿದ ತಂಬೂರಿಯ ಖರ್ಜ, ಅಂದರೆ ಎಲ್ಲಕ್ಕಿಂತ ತಗ್ಗಿನ ಸಾ ತಂತಿ, ಸುಮಾರು 69 ಹರ್ಟ್ಸ್. ಅದನ್ನು ನಿಮ್ಮ 560ಎಸ್ ಈಗಾಗಲೇ ಚೆನ್ನಾಗಿ ಕೊಡುತ್ತದೆ. ಜವಾರಿಯ (ತಂತಿ ಕುದುರೆಗೆ ಸವರಿ ಬರುವ ನಾದದ) ಝೇಂಕಾರ ಇರುವುದು ಮೇಲಿನ ಉಪಸ್ವರಗಳಲ್ಲಿ, ಅದೂ ಬಲು ಸಣ್ಣ ದನಿಯಲ್ಲಿ. ಅದನ್ನು ಮೊದಲು ನುಂಗುವುದು ತಲೆಮೇಲೆ ತಿರುಗುವ ಫ್ಯಾನು. 560ಎಸ್ ಆಗಲಿ 800ಎಸ್ ಆಗಲಿ ಓಪನ್-ಬ್ಯಾಕ್, ಹಿಂಬದಿ ತೆರೆದದ್ದು. ಫ್ಯಾನಿನ ಗಾಳಿ, ಪಕ್ಕದ ಮನೆಯ ಕುಕ್ಕರ್ ಸೀಟಿ, ರಸ್ತೆಯ ಹಾರ್ನ್ ಎಲ್ಲ ಒಳಗೇ ಬರುತ್ತವೆ. ರಾತ್ರಿ ಹತ್ತರ ಮೇಲೆ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ನಿಮಗೆ ಗೊತ್ತಿರುವ ಒಂದು ವಿಲಂಬಿತದ ಮೊದಲ ಎರಡು ನಿಮಿಷ ಕೇಳ್ರಿ. ನೀವು ಹುಡುಕುತ್ತಿರುವ ತಂಬೂರಿಯ ಬಹುಪಾಲು ಅಲ್ಲೇ ಸಿಗುತ್ತದೆ.

ಎರಡನೆಯ ಕೆಲಸ ಈಕ್ವಲೈಸರ್ (ತಗ್ಗು, ಮೇಲು ಸ್ವರಗಳನ್ನು ಬೇರೆಬೇರೆ ಏರಿಳಿಸುವ ಆ್ಯಪ್), ದುಡ್ಡಿಲ್ಲದ್ದು. ವಿಂಡೋಸ್‌ನಲ್ಲಿ ಈಕ್ವಲೈಸರ್ ಎಪಿಒ, ಆಂಡ್ರಾಯ್ಡ್‌ನಲ್ಲಿ ವೇವ್‌ಲೆಟ್. ಹಳೆಯ ಧ್ವನಿಮುದ್ರಣಕ್ಕೆ ಎಪಿಒದಲ್ಲಿ ಹೀಗೆ ಶುರು ಮಾಡ್ರಿ: 100 ಹರ್ಟ್ಸ್‌ಗೆ ಲೋ ಶೆಲ್ಫ್ (ಅದರ ಕೆಳಗಿನದೆಲ್ಲ ಒಟ್ಟಿಗೆ) +4 ಡೆಸಿಬೆಲ್, 8,000ಕ್ಕೆ ಹೈ ಶೆಲ್ಫ್ (ಅದರ ಮೇಲಿನದೆಲ್ಲ) −4. ತಗ್ಗನ್ನು ಎಷ್ಟು ಏರಿಸಿದಿರೋ ಪ್ರಿಆಂಪನ್ನು (ಆ ಆ್ಯಪಿನ ಒಟ್ಟು ದನಿಯ ಮಟ್ಟ) ಅಷ್ಟೇ ಇಳಿಸಬೇಕು, ಇಲ್ಲಿ −4. ಇದನ್ನು ಮರೆತರೆ ಡಗ್ಗಾದ ಪೆಟ್ಟಿಗೆ ಧ್ವನಿ ಒಡೆಯುತ್ತದೆ, ಆಮೇಲೆ ಬೈಗುಳ ಹೆಡ್‌ಫೋನಿಗೆ. ಹೊಸ ಸ್ಟೀರಿಯೋ ಕಛೇರಿಗೆ ಬೇರೆ ಪ್ರಿಸೆಟ್ ಇಟ್ಟುಕೊಳ್ರಿ.

ಲ್ಯಾಪ್‌ಟಾಪಿನಲ್ಲಿ ಕೇಳುವಾಗ ಗುಂಯ್ ಅಂದರೆ ಚಾರ್ಜರ್ ಕಿತ್ತು ನೋಡ್ರಿ. ನಿಂತರೆ ದೋಷ ಚಾರ್ಜರಿನದು, ಇಲ್ಲವೇ ಮನೆಯ ಅರ್ಥಿಂಗಿನದು. ಅರ್ಥಿಂಗ್ ಆದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಸರಿಮಾಡಿಸ್ರಿ, ಹೆಡ್‌ಫೋನ್ ಬದಲಿಸಿದರೆ ಹೋಗದು.

ಇಷ್ಟಾದ ಮೇಲೂ ಮನಸ್ಸು ತಣಿಯದಿದ್ದರೆ, ಒಳ್ಳೆಯ ಸ್ಟೀರಿಯೋ ಕಛೇರಿಗಳನ್ನೇ ಹೆಚ್ಚು ಕೇಳುತ್ತೀರಾದರೆ, ಆಗ 800ಎಸ್‌ಗೆ ಅರ್ಥವಿದೆ. ವಿದ್ಯುತ್ತಿಗೆ ಒಡ್ಡುವ ತಡೆ ಅದರದು 300 ಓಮ್, ನಿಮ್ಮದು 120. ದನಿ ಸಣ್ಣದಿರುವ ಹಳೆಯ ಫೈಲಿಗೆ ಈಕ್ವಲೈಸರಿನ −4 ಕೂಡಿದರೆ ಡಾಂಗಲ್ ಸಾಲದೆ ಬೀಳಬಹುದು; ದನಿ ಏರಿಸುವ ಆಂಪ್ಲಿಫೈಯರಿನ ಖರ್ಚನ್ನೂ ಲೆಕ್ಕ ಹಿಡೀರಿ. ಕಂಠವೇ ಮುಖ್ಯವೆಂದರೆ 1997ರಿಂದ ಬರುತ್ತಿರುವ ಎಚ್‌ಡಿ 600 ಬಹಳ ಕಡಿಮೆ ದುಡ್ಡಿಗೆ ಸಿಗುತ್ತದೆ. ಗಂಟಲಿನ ಹದ ಅದರಲ್ಲಿ ಅಷ್ಟು ಸಹಜ; ಖರ್ಜದ ಕೆಳಗೆ ಮಾತ್ರ 560ಎಸ್‌ನಷ್ಟು ಇಳಿಯದು.

ಏನೇ ತಗೊಂಡರೂ ಹಾಕಿಕೊಂಡು ಕೇಳದೆ ಬೇಡ. ಬೆಂಗಳೂರಿಗೆ ಹೋದಾಗ ನಿಮ್ಮದೇ ಫೋನು, ಡಾಂಗಲ್, ಈ 560ಎಸ್ ಜೊತೆಗಿರಲಿ. ಒಂದು 78, ಒಂದು ರೇಡಿಯೋ, ಒಂದು ಸ್ಟೀರಿಯೋ, ಮೂರು ಫೈಲ್ ಸಾಕು. ಮೊದಲು ಪಿಂಕ್ ನಾಯ್ಸ್ (ಮಟ್ಟ ಹೋಲಿಸಲು ಬಳಸುವ ಒಂದೇ ಸಮನೆಯ 'ಹುಶ್' ಸದ್ದು) ಹಾಕಿ ಎರಡರ ದನಿಯನ್ನೂ ಒಂದೇ ಮಟ್ಟಕ್ಕೆ ತಂದು ಆಯಾ ವಾಲ್ಯೂಮ್ ಅಂಕಿ ಬರೆದಿಟ್ಟುಕೊಳ್ರಿ, ಯಾಕೆಂದರೆ ಒಂದು ಡೆಸಿಬೆಲ್ ಜೋರಿದ್ದದ್ದೂ ಕಿವಿಗೆ 'ಒಳ್ಳೆಯದು' ಅನ್ನಿಸುತ್ತದೆ. ಆಮೇಲೆ 20 ಸೆಕೆಂಡಿನ ಅದೇ ತುಣುಕನ್ನು ಅದರಲ್ಲಿ, ಇದರಲ್ಲಿ ಕೇಳ್ರಿ. ಕೊನೆಗೆ ಹೊಸದನ್ನು ಅರ್ಧ ಗಂಟೆ ತೆಗೆಯದೆ ಹಾಕಿಕೊಂಡಿರ್ರಿ. ಅಷ್ಟರಲ್ಲಿ ಗಂಗೂಬಾಯಿಯವರ ತಾರಸ್ವರ ಚುಚ್ಚಲು ಶುರುವಾದರೆ ದುಡ್ಡು ಕಿಸೆಯಲ್ಲೇ ಇರಲಿ.