ಆಗ ಯಾವುದಕ್ಕಾದ್ರೂ ಹೂಂ ಅಂತಿದ್ದೆ

ಹೆಸರು, ಊರು ಬೇಡ. 23ರ ಹೆಣ್ಣುಮಗಳು. ಎರಡು ಮಕ್ಕಳು, ಈಗ ಮತ್ತೆ ಏಳು ತಿಂಗಳು. ಚಿಕ್ಕದಕ್ಕೆ ಒಂದೂಕಾಲು ವರ್ಷ. ನಾನು ಕೇಳಿದ್ದಕ್ಕೆಲ್ಲ ಜೊತೆಗೆ ಬಂದ ಅತ್ತೆಯೇ ಉತ್ತರ ಕೊಡುತ್ತಿದ್ದರು.

"ಮುಟ್ಟೇ ಆಗಿರಲಿಲ್ಲ ಮೇಡಂ, ಅದ್ಹೇಗೆ ನಿಂತಿತೋ!"

ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮುಟ್ಟಿಗೆ ಎರಡು ವಾರ ಮೊದಲೇ ಅಂಡ ಹೊರಬಂದಿರುತ್ತದೆ. ಮತ್ತೆ ಬಸಿರಾಗದಂತೆ ಎದೆಹಾಲು ಕಾಪಾಡುವುದು ಮಗುವಿಗೆ ಆರು ತಿಂಗಳಾಗುವವರೆಗೆ ಮಾತ್ರ. ಅದೂ ಮುಟ್ಟು ಬಂದಿರಬಾರದು, ಹಗಲೂ ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡಬಾರದು. ರಾಗಿ ಸರಿ ಶುರುವಾಯ್ತೋ, ಆ ಧೈರ್ಯ ಮುಗೀತು.

ತಾಯಿ ಕಾರ್ಡ್ ನೋಡಿದೆ. ಹಿಂದಿನ ಹೆರಿಗೆಯಲ್ಲೇ ಕಾಪರ್-ಟಿ ಹಾಕಿದ್ದಾರೆ: ಬಸಿರಾಗದಂತೆ ಗರ್ಭಕೋಶದೊಳಗೆ ಇಡುವ, ತುದಿಗೆ ದಾರವಿರುವ ಪುಟ್ಟ ಸಾಧನ. ಎರಡೇ ತಿಂಗಳಿಗೆ ತವರಲ್ಲಿ ತೆಗೆಸಿದ್ದಾಳೆ. ಮಗುವಿನ ತೂಕ ಮಾಡಿಸಿ ಬನ್ನಿ ಎಂದು ಅತ್ತೆಯನ್ನು ಆಚೆ ಕಳಿಸಿ, ಯಾಕಮ್ಮ ತೆಗೆಸಿದೆ ಎಂದೆ. ಕಾರ್ಡಿನ ಮಡಿಕೆಯನ್ನು ಉಗುರಿನಿಂದ ತೀಡುತ್ತಾ ಹೇಳಿದಳು:

"ನೋವು ಬರ್ತಿರುವಾಗ ಕೇಳಿದ್ರು. ಆಗ ಯಾವುದಕ್ಕಾದ್ರೂ ಹೂಂ ಅಂತಿದ್ದೆ. ಹಾಕಿದ್ದಾರೆ ಅಂತ ಗೊತ್ತಾಗಿದ್ದೇ ಸ್ನಾನ ಮಾಡುವಾಗ ದಾರ ಕೈಗೆ ಸಿಕ್ಕಾಗ. ಹೆದರಿಬಿಟ್ಟೆ."

ಅವಳನ್ನು ಕೇಳಿದ್ದು ನಾನಲ್ಲ. ಆದರೆ ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತು ನಾನೂ ಎಷ್ಟೋ ಜನರಿಂದ ಹೀಗೆ ಹೂಂ ಅನ್ನಿಸಿಕೊಂಡಿದ್ದೇನೆ. ಆತುರಕ್ಕೆ ಕಾರಣ ಇದೆ. ಹೆರಿಗೆಯಾದ 48 ಗಂಟೆಯೊಳಗೆ ಹಾಕಬೇಕು, ತಪ್ಪಿದರೆ ಆರು ವಾರ ಕಾಯಬೇಕು. ಅಷ್ಟರಲ್ಲಿ ಬಾಣಂತಿ ತವರಲ್ಲಿರುತ್ತಾಳೆ. ಗಂಡನ ಊರಿನ ಆಶಾ ಕಾರ್ಯಕರ್ತೆಯ ಕಣ್ಣಿಗೆ ಬೀಳುವುದಿಲ್ಲ, ತವರಿನ ಆಶಾ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ. ಐದನೇ ತಿಂಗಳಿಗೆ ಗಂಡನ ಮನೆಗೆ ವಾಪಸ್. ಆಮೇಲಿನದು ನಿಮಗೇ ಗೊತ್ತು.

ಹಾಗಾದರೆ ಈ ಹೆರಿಗೆ ಆದಮೇಲೆ ಏನು ಅಂತ ಈಗಲೇ ತೀರ್ಮಾನ ಮಾಡೋಣ ಎಂದೆ. ಕಾಪರ್-ಟಿ ಒಂದನ್ನು ಅವಳ ಅಂಗೈಯಲ್ಲಿಟ್ಟೆ. ತಿರುಗಿಸಿ ನೋಡಿ "ಇಷ್ಟೇನಾ?" ಎಂದು ನಕ್ಕಳು. ಆದರೂ ಬೇಡ ಎಂದಳು. ಬಸಿರು ತಡೆಯುವ ಛಾಯಾ ಮಾತ್ರೆ? ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ಒಂದೇ. ಮನೆಯಲ್ಲಿ ಬಚ್ಚಿಡಲು ಜಾಗವಿಲ್ಲವಂತೆ. ಅಂತರಾ ಇಂಜೆಕ್ಷನ್ ಒಪ್ಪಿದಳು. ಮೂರು ತಿಂಗಳಿಗೊಂದು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಎದೆಹಾಲಿಗೆ ತೊಂದರೆಯಿಲ್ಲ. ಮೊದಲನೆಯದು ಮಗುವಿನ ಆರನೇ ವಾರದ ಲಸಿಕೆಯ ದಿನವೇ, ಎರಡನೆಯದು ತವರಿಂದ ಹೊರಡುವ ಮುಂಚೆ. ಎರಡನ್ನೂ ಕಾರ್ಡಿನಲ್ಲಿ ಬರೆದೆ. ಮುಟ್ಟು ಏರುಪೇರಾಗಬಹುದು, ನಿಂತೇ ಹೋಗಬಹುದು ಅಂತ ಎರಡು ಸಲ ಹೇಳಿದೆ. ಮತ್ತೆ ಹೆದರಬಾರದಲ್ವಾ.

ಗಂಡನನ್ನು ಕೇಳದೆ ಇದೆಲ್ಲ ಹೇಳಬಹುದಾ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಗಂಡನಿಗೂ ಹೇಳಮ್ಮ ಎಂದು ನಾನೇ ಅಂದಿದ್ದೆ. ಹೇಳುವುದು ಬಿಡುವುದು ಅವಳಿಗೆ ಬಿಟ್ಟದ್ದು. ಈ ಇಂಜೆಕ್ಷನ್ನಿಗೆ ಅವನ ಸಹಿ ಬೇಕಿಲ್ಲ.

ಈಗ ನಾನು ಹೆರಿಗೆ ಕೋಣೆಯಲ್ಲಿ ಹೊಸದಾಗಿ ಏನನ್ನೂ ಕೇಳುವುದಿಲ್ಲ. ಕಾರ್ಡಿನಲ್ಲಿರುವುದನ್ನು ಓದಿ "ಇದೇ ತಾನೇ, ಮನಸ್ಸು ಬದಲಾಗಿಲ್ವಲ್ಲ?" ಎನ್ನುತ್ತೇನೆ, ಅಷ್ಟೇ. ತಿಂಗಳ ವರದಿಯಲ್ಲಿ ನನ್ನ ಕಾಪರ್-ಟಿ ಲೆಕ್ಕ ಇಳಿದಿದೆ. ಯಾಕೆ ಎಂದು ಕೇಳಿದರೆ ಆ ದಾರದ ಕಥೆ ಹೇಳುತ್ತೇನೆ.