ಸಾರಿಗೆ ನೌಕರರು ಕೇಳಿದ ‘38 ತಿಂಗಳ ಬಾಕಿ’ ಅಂದರೆ ಯಾವುದು?

ಕರ್ನಾಟಕದ ನಾಲ್ಕೂ ಸಾರಿಗೆ ನಿಗಮಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ಸಂಬಳ ಪರಿಷ್ಕರಣೆ ಆಗಬೇಕು. 2020ರ ಜನವರಿಯಲ್ಲಿ ಸಿಗಬೇಕಿದ್ದ ಹೆಚ್ಚಳ ಶೇ 15ರ ಲೆಕ್ಕದಲ್ಲಿ ಜಾರಿಯಾದದ್ದು 2023ರ ಮಾರ್ಚ್‌ನಿಂದ. ನಡುವಿನ 38 ತಿಂಗಳ ವ್ಯತ್ಯಾಸದ ದುಡ್ಡೇ ಈ ಬಾಕಿ.

ಆ ತಿಂಗಳುಗಳಲ್ಲೇ ಕೊರೊನಾ ಬಂತು, 2021ರ ಏಪ್ರಿಲ್‌ನ ದೊಡ್ಡ ಮುಷ್ಕರವೂ ನಡೆಯಿತು. ಕತ್ತಲಿರುವಾಗಲೇ ಡಿಪೋಗೆ ಬಂದು, ಟಿಕೆಟ್ ಮೆಷಿನ್ ಹಿಡಿದು, ತುಂಬಿದ ಬಸ್ಸಲ್ಲಿ ದಿನವಿಡೀ ನಿಲ್ಲುವ ಕಂಡಕ್ಟರ್ ದುಡಿದದ್ದನ್ನು ಕೇಳುವುದು ನ್ಯಾಯವೇ ಅಲ್ವಾ? ನಿಗಮದಲ್ಲಿ ಹಣವಿಲ್ಲ ಎಂಬ ಉತ್ತರ ನನಗಂತೂ ಸಾಲದು.

ಅಷ್ಟರಲ್ಲಿ 2024ರ ಪರಿಷ್ಕರಣೆಯ ಸರದಿಯೂ ಬಂತು. ಎರಡನ್ನೂ ಕೇಳಿ 2025ರ ಆಗಸ್ಟ್ 5ರಂದು ನೌಕರರು ಬಸ್ ನಿಲ್ಲಿಸಿದರು. ಹೈಕೋರ್ಟ್ ಮಧ್ಯೆ ಬಂದಿದ್ದರಿಂದ ಅದೇ ದಿನ ಮುಷ್ಕರ ಕೈಬಿಟ್ಟರು. ಬಾಕಿಯ ತಕರಾರು ಅಂದು ಬಗೆಹರಿಯಲಿಲ್ಲ.